ಜಾರಿದ ಗೋಡೆಗೆ ಜೈವಿಕ ಜಾಲರಿ: ಹಾಕಿಸಬೇಕೇ, ಅಮ್ಮನಿಗೆ ಹೇಳಬೇಕೇ?

ಪ್ರಶ್ನೆ: ನನ್ನ ತಾಯಿಗೆ 63 ವರ್ಷ. ಮೂರು ಹೆರಿಗೆ, ಮೂರೂ ಸಹಜ. ಹನ್ನೊಂದು ವರ್ಷಗಳ ಹಿಂದೆ ಗರ್ಭಕೋಶ ಜಾರಿದೆಯೆಂದು ಅದನ್ನು ತೆಗೆಸಿ, ಯೋನಿಯ ಮುಂದಿನ ಗೋಡೆಗೆ ಹೊಲಿಗೆಯನ್ನೂ ಹಾಕಿಸಿದ್ದೆವು. ಈಗ ಎರಡು ವರ್ಷಗಳಿಂದ ಮತ್ತೆ ಕೆಳಗೆ ಗಡ್ಡೆಯಂಥದ್ದು ಇಳಿಯುತ್ತದೆ, ಸಂಜೆಯ ಹೊತ್ತಿಗೆ ಹೆಚ್ಚು. ಮೂತ್ರ ಪೂರ್ತಿ ಹೋದಂತಾಗುವುದಿಲ್ಲ ಎನ್ನುತ್ತಾರೆ. ನಾವು ತೋರಿಸಿದ ವೈದ್ಯರು, ಮುಂದಿನ ಗೋಡೆ ಮತ್ತೆ ಸಡಿಲವಾಗಿದೆ, ಈ ಸಲ ಬರೀ ಹೊಲಿಗೆ ಸಾಲದು, ಜೈವಿಕ ಜಾಲರಿ ಇಡೋಣ, ಅದು ಪ್ಲಾಸ್ಟಿಕ್ ಅಲ್ಲವಾದ್ದರಿಂದ ತೊಂದರೆಯಿಲ್ಲ ಎಂದರು. ಅದು ಹಂದಿಯ ಚರ್ಮದಿಂದ ಮಾಡಿದ್ದೆಂದು ಅಮ್ಮನಿಗೆ ಗೊತ್ತಿಲ್ಲ. ನಮ್ಮದು ಸಸ್ಯಾಹಾರಿ ಮನೆ. ವಿದೇಶಗಳಲ್ಲಿ ಜಾಲರಿಯನ್ನೇ ನಿಷೇಧಿಸಿದ್ದಾರೆಂದು ಓದಿದ್ದೇನೆ. ಜೈವಿಕ ಜಾಲರಿ ಸುರಕ್ಷಿತವೇ? ಅಮ್ಮನಿಗೆ ಹೇಳಲೇಬೇಕೇ?

ಉತ್ತರ: ನಿಮ್ಮ ವೈದ್ಯರ ಮಾತಿನಲ್ಲಿ ಅರ್ಧ ನಿಜವಿದೆ. ಪ್ಲಾಸ್ಟಿಕ್ ಜಾಲರಿ ಕೊಡುವಷ್ಟು ಕಾಟವನ್ನು ಜೈವಿಕ ಜಾಲರಿ ಕೊಡುವುದಿಲ್ಲ. ಆದರೆ ಕಾಟ ಕೊಡದಿರುವುದು ಬೇರೆ, ಉಪಯೋಗಕ್ಕೆ ಬರುವುದು ಬೇರೆ. ಜಾಲರಿ ಸುರಕ್ಷಿತವೇ ಎಂದು ಕೇಳುವುದಕ್ಕೂ ಮೊದಲು, ನಿಮ್ಮ ತಾಯಿಯವರಲ್ಲಿ ನಿಜವಾಗಿ ಜಾರಿರುವುದು ಏನು ಎಂಬುದನ್ನು ಯಾರಾದರೂ ಸರಿಯಾಗಿ ನೋಡಿದ್ದಾರೆಯೇ ಎಂದು ಕೇಳಬೇಕಾಗಿದೆ. ನಿಮ್ಮ ಪತ್ರದಲ್ಲಿ ನನಗೆ ಕಾಣದೇ ಹೋದದ್ದು ಅದೊಂದೇ.

ಹಳೆಯ ಮನೆಗಳಲ್ಲಿ ತೊಲೆಗೆ ಸೀರೆ ಕಟ್ಟಿ ಮಗುವಿಗೆ ಜೋಲಿ ಮಾಡುತ್ತಿದ್ದುದನ್ನು ನೀವು ನೋಡಿರಬಹುದು. ಯೋನಿಯ ಗೋಡೆಗಳು ಹೆಚ್ಚುಕಡಿಮೆ ಹಾಗೆಯೇ ನಿಂತಿವೆ. ಮೇಲ್ತುದಿಯನ್ನು ತ್ರಿಕಾಸ್ಥಿಯ, ಅಂದರೆ ಬೆನ್ನೆಲುಬಿನ ಬುಡದ ಮೂಳೆಯ, ಕಡೆಗೆ ಎಳೆದು ಹಿಡಿಯುವ ಬಂಧನಿಗಳಿವೆ, ನಡುಭಾಗವನ್ನು ಎರಡೂ ಪಕ್ಕಗಳಿಗೆ ಕಟ್ಟಿದ ಪೊರೆಯಿದೆ, ಕೆಳಗಿನಿಂದ ಆಸರೆ ಕೊಡುವ ಸ್ನಾಯುಗಳಿವೆ. ಅಮೆರಿಕದ ಡಾ. ಜಾನ್ ಡಿಲ್ಯಾನ್ಸಿ ಅವರು 1992ರಲ್ಲಿ ಈ ಮೂರು ಹಂತಗಳನ್ನು ಬಿಡಿಸಿ ತೋರಿಸಿದ ಮೇಲೆ, ಜಾರುವಿಕೆಯ ಶಸ್ತ್ರಚಿಕಿತ್ಸೆ ಮಾಡುವವರೆಲ್ಲ ಅದೇ ನಕ್ಷೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಲಸ ಮಾಡುತ್ತಾರೆ, ಅಥವಾ ಮಾಡಬೇಕು. ಜೋಲಿ ಕೆಳಗೆ ಇಳಿದರೆ ಎರಡು ಕಾರಣಗಳಿರಬಹುದು: ಬಟ್ಟೆ ಜಗ್ಗಿರಬಹುದು, ಇಲ್ಲವೇ ತೊಲೆಯ ಮೇಲಿನ ಗಂಟು ಸಡಿಲಿರಬಹುದು. ಗಂಟು ಸಡಿಲಿದ ಜೋಲಿಯ ಬಟ್ಟೆಗೆ ತೇಪೆ ಹಾಕಿದರೆ, ಆ ತೇಪೆ ಹತ್ತಿಯದ್ದಾದರೂ ರೇಷ್ಮೆಯದ್ದಾದರೂ ಜೋಲಿ ಮೇಲೇಳುವುದಿಲ್ಲ.

ಮುಂದಿನ ಗೋಡೆ, ಅಂದರೆ ಮೂತ್ರಕೋಶದ ಕೆಳಗಿನ ಗೋಡೆ, ಇಳಿದು ಬರುವುದರಲ್ಲಿ ಸರಿಸುಮಾರು ಅರ್ಧದಷ್ಟು ಪಾಲು ಮೇಲ್ತುದಿಯ ಸಡಿಲಿಕೆಯದ್ದು ಎಂದು ಅಳತೆಯ ಅಧ್ಯಯನಗಳು ತೋರಿಸಿವೆ. ಗರ್ಭಕೋಶ ತೆಗೆಸಿಕೊಂಡವರಲ್ಲಿ ಈ ಅನುಮಾನ ಇನ್ನೂ ಬಲವಾಗಿರಬೇಕು. ಗರ್ಭಕೋಶವನ್ನು ತೆಗೆದುಬಿಟ್ಟರೆ ಜಾರುವ ಕಾಯಿಲೆಯೂ ಅದರೊಂದಿಗೆ ಹೋಯಿತು ಎಂಬ ನಂಬಿಕೆ ನಮ್ಮಲ್ಲಿ ರೋಗಿಗಳಿಗಿರುವಂತೆಯೇ ಕೆಲವು ವೈದ್ಯರಿಗೂ ಇದೆ. ಜಾರುವಿಕೆಯಲ್ಲಿ ಗರ್ಭಕೋಶ ಅಪರಾಧಿಯಲ್ಲ, ಆಸರೆ ತಪ್ಪಿ ಕೆಳಗೆ ಬಂದ ಪ್ರಯಾಣಿಕ ಮಾತ್ರ. ಅದನ್ನು ತೆಗೆದ ಮೇಲೆ ಉಳಿದ ಯೋನಿಯ ಮೇಲ್ತುದಿಯನ್ನು ಬಂಧನಿಗಳಿಗೆ ಮತ್ತೆ ಭದ್ರವಾಗಿ ಕಟ್ಟದಿದ್ದರೆ, ಕೆಲವು ವರ್ಷಗಳಲ್ಲಿ ಆ ತುದಿಯೇ ಇಳಿಯತೊಡಗುತ್ತದೆ, ಜೊತೆಗೆ ಮುಂದಿನ ಗೋಡೆಯನ್ನೂ ಎಳೆದುಕೊಂಡು ಬರುತ್ತದೆ. ಹನ್ನೊಂದು ವರ್ಷಗಳ ಹಿಂದಿನ ಶಸ್ತ್ರಚಿಕಿತ್ಸೆಯ ಟಿಪ್ಪಣಿ ಸಿಕ್ಕಿದರೆ ಆಗ ಮೇಲ್ತುದಿಯನ್ನು ಕಟ್ಟಿದ್ದರೇ ಎಂಬುದನ್ನು ಅದರಲ್ಲಿ ಹುಡುಕಿಸಿ.

ಇದನ್ನು ಪತ್ತೆ ಮಾಡಲು ಸ್ಕ್ಯಾನಿಂಗ್ ಬೇಕಾಗಿಲ್ಲ, ಎರಡು ನಿಮಿಷದ ತಾಳ್ಮೆ ಸಾಕು. ರೋಗಿಯನ್ನು ಮಲಗಿಸಿ, ಸಿಮ್ಸ್ ಸ್ಪೆಕ್ಯುಲಮ್ ಎಂಬ ಚಮಚದಂಥ ಉಪಕರಣದಿಂದ ಹಿಂದಿನ ಗೋಡೆಯನ್ನು ಒತ್ತಿ ಹಿಡಿದು, ಜೋರಾಗಿ ಮುಕ್ಕಲು ಹೇಳಿದಾಗ ಮುಂದಿನ ಗೋಡೆ ಯೋನಿಯ ಬಾಯಿಯವರೆಗೆ ಉಬ್ಬಿ ಬರುತ್ತದೆ. ಈಗ ಹತ್ತಿಯುಂಡೆ ಹಿಡಿದ ಉದ್ದನೆಯ ಇಕ್ಕಳದಿಂದ ಯೋನಿಯ ಮೇಲ್ತುದಿಯನ್ನು ಅದರ ಸಹಜ ಜಾಗಕ್ಕೆ ಮೆಲ್ಲಗೆ ತಳ್ಳಿ ಹಿಡಿದು, ಮತ್ತೊಮ್ಮೆ ಮುಕ್ಕಲು ಹೇಳಬೇಕು. ಆಗ ಮುಂದಿನ ಗೋಡೆ ಬಹುಪಾಲು ಮೇಲೆಯೇ ಉಳಿದರೆ ಸಡಿಲವಾಗಿರುವುದು ಗಂಟು. ಮೇಲ್ತುದಿಯನ್ನು ಹಿಡಿದಿದ್ದರೂ ಗೋಡೆ ಮೊದಲಿನಷ್ಟೇ ಉಬ್ಬಿದರೆ ಬಟ್ಟೆಯೇ ಜಗ್ಗಿದೆ. ಬೇರೆಡೆ ಎರಡು ಸಲ ಹೊಲಿಗೆ ಹಾಕಿಸಿಕೊಂಡು ಬಂದ ಮಹಿಳೆಯರಲ್ಲಿ ಇಕ್ಕಳ ಮೇಲೇರಿದ ಕೂಡಲೇ ಗಡ್ಡೆ ಮಾಯವಾಗುವುದನ್ನು ಕಂಡು, ಪಕ್ಕದಲ್ಲಿ ನಿಂತಿದ್ದ ಕಿರಿಯ ವೈದ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ನನಗೆ ನೆನಪಿದೆ.

ಇನ್ನು ನೀವು ಓದಿದ ನಿಷೇಧದ ವಿಷಯ. ಹರ್ನಿಯಾಕ್ಕೆ ಬಳಸುತ್ತಿದ್ದ ಪಾಲಿಪ್ರೊಪಿಲೀನ್ ಜಾಲರಿಯನ್ನು ಯೋನಿಯ ಮೂಲಕ ಜಾರುವಿಕೆಯ ರಿಪೇರಿಗೂ ಬಳಸುವುದು 2000ದ ನಂತರದ ವರ್ಷಗಳಲ್ಲಿ ಬಹಳ ವೇಗವಾಗಿ ಹಬ್ಬಿತು. ಹೊಟ್ಟೆಯ ಗೋಡೆಗೂ ಯೋನಿಯ ಗೋಡೆಗೂ ಇರುವ ವ್ಯತ್ಯಾಸವನ್ನು ಅಷ್ಟೇ ವೇಗದಲ್ಲಿ ಮರೆಯಲಾಯಿತು. ಯೋನಿಯ ತೆಳು ಪದರದ ಕೆಳಗೆ ಇಟ್ಟ ಪ್ಲಾಸ್ಟಿಕ್ ಎಳೆ ಹಲವರಲ್ಲಿ ಹೊರಗೆ ಇಣುಕಿತು. ಸ್ರಾವ, ರಕ್ತ, ಸಂಭೋಗದಲ್ಲಿ ಇಬ್ಬರಿಗೂ ನೋವು, ಕೆಲವರಿಗೆ ಕೂರಲೂ ಆಗದಂಥ ಸೆಳೆತ. ಅಮೆರಿಕದ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲಿ ಮೊದಲು ಎಚ್ಚರಿಸಿತು, 2011ರಲ್ಲಿ ಈ ತೊಡಕುಗಳು ಅಪರೂಪವಲ್ಲವೆಂದು ಹೇಳಿತು, 2016ರಲ್ಲಿ ಇವನ್ನು ಅತಿ ಹೆಚ್ಚು ಅಪಾಯದ ವರ್ಗಕ್ಕೆ ಸೇರಿಸಿತು, 2019ರ ಏಪ್ರಿಲ್‌ನಲ್ಲಿ ಮಾರಾಟವನ್ನೇ ನಿಲ್ಲಿಸುವಂತೆ ಆದೇಶಿಸಿತು. ಬ್ರಿಟನ್ನಿನಲ್ಲಿ 2018ರಲ್ಲಿ ಬಳಕೆಗೆ ತಡೆ ಬಿತ್ತು. ಅಮೆರಿಕದ ಆ ಆದೇಶ ಯೋನಿಯ ಮೂಲಕ ಜಾರುವಿಕೆಗೆ ಇಡುವ ಜಾಲರಿಗೆ ಮಾತ್ರ ಸಂಬಂಧಿಸಿದ್ದು. ಹೊಟ್ಟೆಯ ಕಡೆಯಿಂದ ಯೋನಿಯ ಮೇಲ್ತುದಿಯನ್ನು ತ್ರಿಕಾಸ್ಥಿಗೆ ಕಟ್ಟುವ ಶಸ್ತ್ರಚಿಕಿತ್ಸೆಯ ಜಾಲರಿಯಾಗಲಿ, ಕೆಮ್ಮಿದಾಗ ಮೂತ್ರ ಸೋರುವುದಕ್ಕೆ ಹಾಕುವ ಸಣ್ಣ ಪಟ್ಟಿಯಾಗಲಿ ಅದರಲ್ಲಿ ಸೇರಿಲ್ಲ.

ಇಲ್ಲೊಂದು ಸಂಗತಿಯನ್ನು ಜೈವಿಕ ಜಾಲರಿಯ ಪರವಾಗಿ ಮಾತನಾಡುವವರು ಸಾಮಾನ್ಯವಾಗಿ ಹೇಳುವುದಿಲ್ಲ. 2019ರ ಆದೇಶದಿಂದ ಮಾರುಕಟ್ಟೆ ಬಿಟ್ಟ ಮೂರು ಉತ್ಪನ್ನಗಳಲ್ಲಿ ಒಂದು ಪ್ಲಾಸ್ಟಿಕ್ ಆಗಿರಲೇ ಇಲ್ಲ. ಅದು ದನದ ಭ್ರೂಣದ ಚರ್ಮದಿಂದ ತಯಾರಾದ ಹಾಳೆ. ಎಫ್‌ಡಿಎ ಕೇಳಿದ್ದು ಅಪಾಯದ ಲೆಕ್ಕವನ್ನಷ್ಟೇ ಅಲ್ಲ. ಮೈಯ ಸ್ವಂತ ಅಂಗಾಂಶದಿಂದ ಮಾಡುವ ರಿಪೇರಿಗಿಂತ ಇದು ಮೇಲು ಎಂಬುದಕ್ಕೆ ಪುರಾವೆ ಕೊಡಿ ಎಂದೂ ಕೇಳಿತ್ತು, ಸಾಕಷ್ಟು ಪುರಾವೆ ಬರಲಿಲ್ಲ.

ಜಾಲರಿ ಎನ್ನುವ ಮಾತೇ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಪ್ಲಾಸ್ಟಿಕ್ಕಿನದು ಸೊಳ್ಳೆಪರದೆಯಂಥ ನೇಯ್ಗೆ. ಜೈವಿಕವಾದದ್ದು ಬಹುಪಾಲು ಒಂದು ಹಾಳೆ. ಹಂದಿಯ ಒಳಚರ್ಮ, ಹಂದಿಯ ಸಣ್ಣ ಕರುಳಿನ ಒಳಪದರ, ದನದ ಚರ್ಮ, ದನದ ಹೃದಯದ ಹೊರಚೀಲ, ಇಲ್ಲವೇ ದಾನವಾಗಿ ಬಂದ ಮೃತದೇಹದ ತೊಡೆಯ ಪೊರೆ, ಇವುಗಳಲ್ಲಿ ಯಾವುದಾದರೂ ಒಂದರಿಂದ ಜೀವಕೋಶಗಳನ್ನೆಲ್ಲ ತೊಳೆದು ತೆಗೆದು, ಕೊಲಾಜೆನ್ ಎಂಬ ನಾರಿನ ಹಂದರವನ್ನಷ್ಟೇ ಉಳಿಸಿ, ಕ್ರಿಮಿಶುದ್ಧ ಮಾಡಿ ಪೊಟ್ಟಣ ಕಟ್ಟುತ್ತಾರೆ. ಆಪರೇಷನ್ ಥಿಯೇಟರಿನಲ್ಲಿ ಒಣ ಹಾಳೆಯ ಪೊಟ್ಟಣವನ್ನು ಬಿಚ್ಚಿ ಸಲೈನ್ ತುಂಬಿದ ಬಟ್ಟಲಿನಲ್ಲಿ ಕೆಲವು ನಿಮಿಷ ನೆನೆಸಿಡುತ್ತೇವೆ. ಕರುಳಿನ ಪದರದಿಂದ ಮಾಡಿದ್ದು ನೆನೆದ ಅಕ್ಕಿಹಪ್ಪಳದ ಹಾಗೆ ತೆಳ್ಳಗೆ, ಅರೆಪಾರದರ್ಶಕವಾಗಿ ಬೆರಳಿಗೆ ಅಂಟುತ್ತದೆ. ಚರ್ಮದಿಂದ ಮಾಡಿದ್ದು ಅದಕ್ಕಿಂತ ದಪ್ಪ, ಬಿಳಿಚು, ಮೆತ್ತನೆಯ ತೊಗಲಿನಂತೆ. ಅದನ್ನು ಅಳತೆಗೆ ಕತ್ತರಿಸಿ, ಮೂತ್ರಕೋಶಕ್ಕೂ ಯೋನಿಯ ಪದರಕ್ಕೂ ನಡುವೆ ಹಾಸಿ, ಅಂಚುಗಳಲ್ಲಿ ಹೊಲಿಗೆ ಹಾಕುತ್ತೇವೆ. ಆಮೇಲೆ ರೋಗಿಯದೇ ಜೀವಕೋಶಗಳು, ರಕ್ತನಾಳಗಳು ಆ ಹಂದರದೊಳಗೆ ಹಬ್ಬಿ, ಕ್ರಮೇಣ ಅದನ್ನು ತಮ್ಮದೇ ಅಂಗಾಂಶವಾಗಿ ಬದಲಿಸಬೇಕು ಎಂಬುದು ಎಣಿಕೆ.

ಎಣಿಕೆ ಎಂದೆ, ಏಕೆಂದರೆ ತೊಡಕೆಲ್ಲ ಇರುವುದು ಅಲ್ಲಿಯೇ. ಹಾಳೆಯನ್ನು ಹಾಗೆಯೇ ಬಿಟ್ಟರೆ ದೇಹ ಅದನ್ನು ಕೆಲವೇ ತಿಂಗಳಲ್ಲಿ ಕರಗಿಸಿಬಿಡುತ್ತದೆ. ಹೊಸ ಅಂಗಾಂಶ ಬಲಿಯುವ ಮೊದಲೇ ಆಸರೆ ಹೋಗಿರುತ್ತದೆ, ಸೆಂಟ್ರಿಂಗ್ ಬೇಗ ಬಿಚ್ಚಿದ ತಾರಸಿಯ ಹಾಗೆ. ಕರಗದಿರಲೆಂದು ಕೊಲಾಜೆನ್ ನಾರುಗಳನ್ನು ರಾಸಾಯನಿಕವಾಗಿ ಒಂದಕ್ಕೊಂದು ಬೆಸೆದರೆ ಹಾಳೆ ಬಾಳುತ್ತದೆ, ಆದರೆ ಜೀವಕೋಶಗಳು ಒಳಗೆ ಹೊಗುವುದು ಕಷ್ಟವಾಗುತ್ತದೆ, ದೇಹ ಅದನ್ನು ಪರಕೀಯ ವಸ್ತುವೆಂದು ಬಗೆದು ಸುತ್ತಲೂ ಪೊರೆ ಕಟ್ಟಿ ಬೇರೆಯಾಗಿಡುತ್ತದೆ. ಜೊತೆಗೆ ಇದೆಲ್ಲ ನಡೆಯಬೇಕಾದದ್ದು ಮುಟ್ಟು ನಿಂತು ಈಸ್ಟ್ರೋಜೆನ್ ಹಾರ್ಮೋನು ಇಳಿದ, ತಾನೇ ತೆಳುವಾಗಿರುವ ಅಂಗಾಂಶದಲ್ಲಿ. ಒಂದೇ ಬಗೆಯ ಹಾಳೆ ಒಬ್ಬರಲ್ಲಿ ಚೆನ್ನಾಗಿ ಕೂಡಿಕೊಂಡು ಇನ್ನೊಬ್ಬರಲ್ಲಿ ಗುರುತೇ ಇಲ್ಲದಂತೆ ಕರಗಿಹೋಗುವುದು ಈ ಕಾರಣದಿಂದ.

ಪರೀಕ್ಷೆಗಳು ಏನು ಹೇಳಿವೆ? ಇವುಗಳಲ್ಲಿ ದೊಡ್ಡದು ಬ್ರಿಟನ್ನಿನ 35 ಕೇಂದ್ರಗಳಲ್ಲಿ ನಡೆದು, 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಪ್ರಾಸ್ಪೆಕ್ಟ್ ಅಧ್ಯಯನ. ಅದರ ಒಂದು ಭಾಗದಲ್ಲಿ 735 ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸ್ವಂತ ಅಂಗಾಂಶವನ್ನೇ ಹೊಲಿದರು, ಇನ್ನೊಂದಕ್ಕೆ ಹೊಲಿಗೆಯ ಜೊತೆ ಹಂದಿಯ ಇಲ್ಲವೇ ದನದ ಜೈವಿಕ ಹಾಳೆಯನ್ನು ಹಾಸಿದರು. ಎರಡು ವರ್ಷಗಳಾದ ಮೇಲೆ ಗಡ್ಡೆಯ ಅನುಭವದಲ್ಲಾಗಲಿ ಜೀವನದ ಗುಣಮಟ್ಟದಲ್ಲಾಗಲಿ ಎರಡು ಗುಂಪುಗಳ ನಡುವೆ ಅಂತರ ಕಾಣಲಿಲ್ಲ. ಅದೇ ಅಧ್ಯಯನದಲ್ಲಿ ಪ್ಲಾಸ್ಟಿಕ್ ಜಾಲರಿ ಪಡೆದವರ ಪೈಕಿ ಸುಮಾರು ಶೇ 12ರಷ್ಟು ಮಹಿಳೆಯರಿಗೆ ಜಾಲರಿಯಿಂದಲೇ ತೊಡಕಾಯಿತು. ನಿಮ್ಮ ವೈದ್ಯರ ಮಾತಿನ ಅರ್ಧ ನಿಜ ನಿಂತಿರುವುದು ಈ ಲೆಕ್ಕದ ಮೇಲೆ. ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2016ರ ಪರಾಮರ್ಶೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗಲೂ ಜೈವಿಕ ಹಾಳೆಯಿಂದ ಮರುಶಸ್ತ್ರಚಿಕಿತ್ಸೆ ಕಡಿಮೆಯಾದದ್ದು ಕಾಣಲಿಲ್ಲ. ಹಿಂದಿನ ಗೋಡೆಯ ವಿಷಯದಲ್ಲಂತೂ ಫಲಿತಾಂಶ ತಲೆಕೆಳಗಾಗಿದೆ: 2006ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಒಂದು ವರ್ಷದ ನಂತರ ಸಾಮಾನ್ಯ ಹೊಲಿಗೆ ವಿಫಲವಾದದ್ದು ಶೇ 14ರಷ್ಟು ಮಹಿಳೆಯರಲ್ಲಿ, ಹಂದಿಯ ಕರುಳಿನ ಪದರ ಸೇರಿಸಿದ್ದು ವಿಫಲವಾದದ್ದು ಶೇ 46ರಷ್ಟು ಮಹಿಳೆಯರಲ್ಲಿ.

ನ್ಯಾಯವಾಗಿ ಎರಡು ಮಾತು ಸೇರಿಸಬೇಕು. ಮುಂದಿನ ಗೋಡೆಯಲ್ಲಿ ಜೈವಿಕ ಹಾಳೆ ಹಾಕಿದಾಗ ಪರೀಕ್ಷೆಯಲ್ಲಿ ಕಾಣುವ ಆಕಾರ ಸುಧಾರಿಸಿತು ಎಂದು ತೋರಿಸಿದ ಸಣ್ಣ ಅಧ್ಯಯನಗಳೂ ಇವೆ. ಆದರೆ ಟೇಪಿನಲ್ಲಿ ಅಳೆದ ಸೆಂಟಿಮೀಟರಿಗೂ ಸಂಜೆ ಅಡುಗೆಮನೆಯಲ್ಲಿ ನಿಂತಾಗ ಆಗುವ ಭಾರಕ್ಕೂ ಯಾವಾಗಲೂ ತಾಳೆಯಾಗುವುದಿಲ್ಲ. ಎರಡನೆಯ ಮಾತು ನಿಮಗೆ ಹೆಚ್ಚು ಮುಖ್ಯ. ಪ್ರಾಸ್ಪೆಕ್ಟ್ ಅಧ್ಯಯನದ ಈ ಲೆಕ್ಕಗಳು ಆ ಗೋಡೆಗೆ ಮೊದಲ ಬಾರಿ ರಿಪೇರಿ ಮಾಡಿಸಿಕೊಂಡವರದ್ದು. ನಿಮ್ಮ ತಾಯಿಯವರಂತೆ ಎರಡನೇ ಸಲ ಬಂದವರ ಬಗ್ಗೆ ಇರುವ ಪುರಾವೆ ಇದಕ್ಕಿಂತ ತೆಳು. ಹಾಗಾಗಿ ನಿಮ್ಮ ವೈದ್ಯರ ಸಲಹೆ ತಪ್ಪೆಂದು ನಾನು ಹೇಳಲಾರೆ. ಮೇಲ್ತುದಿಯನ್ನು ಪರೀಕ್ಷಿಸದೆ ಕೊಟ್ಟ ಸಲಹೆಯಾಗಿದ್ದರೆ ಅದು ಅಪೂರ್ಣ.

ಹೊರಗಿನ ಹಾಳೆಯೇ ಬೇಡವೆನ್ನುವವರಿಗೆ ಒಂದು ಹಳೆಯ ದಾರಿಯಿದೆ. ತೊಡೆಯ ಹೊರಬದಿಯಲ್ಲಿ ಫೇಸಿಯಾ ಲಾಟಾ ಎಂಬ ಗಟ್ಟಿಯಾದ ಬಿಳಿ ಪೊರೆಯಿದೆ. ಅದರ ಒಂದು ಪಟ್ಟಿಯನ್ನು ರೋಗಿಯ ಮೈಯಿಂದಲೇ ತೆಗೆದು ಆಸರೆಯಾಗಿ ಬಳಸಬಹುದು. ಗೋವಾದಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರಾದ ಡಾ. ವಿ. ಎನ್. ಶಿರೋಡ್ಕರ್ ಅವರು ಗರ್ಭ ನಿಲ್ಲದವರಿಗಾಗಿ 1955ರಲ್ಲಿ ವಿವರಿಸಿದ, ಇಂದಿಗೂ ಅವರ ಹೆಸರಿನಲ್ಲೇ ಇರುವ ಹೊಲಿಗೆಗೆ ಬಳಸಿದ್ದು ಈ ಪಟ್ಟಿಯನ್ನೇ. ಜೈವಿಕ ಗ್ರಾಫ್ಟ್ ಎಂದು ಇವತ್ತು ಬಣ್ಣದ ಕರಪತ್ರದಲ್ಲಿ ಓದುವಾಗ ಇದು ನೆನಪಾಗದೆ ಇರುವುದಿಲ್ಲ. ಸ್ವಂತ ಪೊರೆ ಮೃತದೇಹದಿಂದ ಸಂಸ್ಕರಿಸಿ ತಂದ ಪೊರೆಯಂತೆ ಸುಲಭವಾಗಿ ಸೋಲುವುದಿಲ್ಲ. ಮೃತದೇಹದ ಪೊರೆಯನ್ನು ತ್ರಿಕಾಸ್ಥಿಗೆ ಕಟ್ಟುವ ಶಸ್ತ್ರಚಿಕಿತ್ಸೆಯಲ್ಲಿ ಬಳಸಿ ನೋಡಿದ 2005ರ ಅಧ್ಯಯನದಲ್ಲಿ ಒಂದು ವರ್ಷಕ್ಕೆ ಯಶಸ್ಸು ಶೇ 68, ಪ್ಲಾಸ್ಟಿಕ್ ಜಾಲರಿಯದ್ದು ಶೇ 91 ಇತ್ತು. ಸ್ವಂತ ಪೊರೆಗೆ ತೆರಬೇಕಾದ ಬೆಲೆ ತೊಡೆಯ ಮೇಲೊಂದು ಗಾಯ, ಕೆಲವು ವಾರಗಳ ನೋವು.

ನಿಮ್ಮ ತಾಯಿಯವರಲ್ಲಿ ಮೇಲ್ತುದಿಯೇ ಇಳಿದಿದ್ದರೆ ನಾನು ಮೊದಲು ಯೋಚಿಸುವುದು ಅದನ್ನು ಕಟ್ಟುವುದನ್ನು. ಯೋನಿಯ ಮೂಲಕವೇ ಹೋಗಿ, ಸೊಂಟದೊಳಗಿನ ಸೇಕ್ರೋಸ್ಪೈನಸ್ ಬಂಧನಿಗೆ ಮೇಲ್ತುದಿಯನ್ನು ಹೊಲಿದು ನಿಲ್ಲಿಸಬಹುದು. ಇದಕ್ಕೆ ಯಾವ ಹಾಳೆಯೂ ಬೇಡ, ಕೆಲವರಿಗೆ ಕೆಲವು ವಾರ ಪೃಷ್ಠದಲ್ಲಿ ನೋವಿರುತ್ತದೆ. ಲ್ಯಾಪರೋಸ್ಕೋಪಿಯಿಂದ ತ್ರಿಕಾಸ್ಥಿಗೆ ಕಟ್ಟುವುದು ಹೆಚ್ಚು ಬಾಳಿಕೆಯದು, ಆದರೆ ಅದಕ್ಕೆ ಸಾಮಾನ್ಯವಾಗಿ ಪ್ಲಾಸ್ಟಿಕ್ ಜಾಲರಿ ಬೇಕು, ಏಳು ವರ್ಷಗಳ ಅವಧಿಯಲ್ಲಿ ಹತ್ತರಲ್ಲಿ ಒಬ್ಬರಿಗೆ ಜಾಲರಿ ಇಣುಕಿದ್ದನ್ನು ಅಮೆರಿಕದ ದೀರ್ಘ ಅಧ್ಯಯನವೊಂದು ದಾಖಲಿಸಿದೆ. ದಾಂಪತ್ಯ ಸಂಬಂಧ ಇನ್ನು ಬೇಡವೆಂದು ಸ್ವತಃ ನಿರ್ಧರಿಸಿದವರಿಗೆ ಯೋನಿಯನ್ನೇ ಮುಚ್ಚಿ ಹೊಲಿಯುವ ಸಣ್ಣ ಶಸ್ತ್ರಚಿಕಿತ್ಸೆಯಿದೆ, ಅದು ಮರುಕಳಿಸುವುದು ಬಹಳ ಕಡಿಮೆ. ಈ ಪ್ರಶ್ನೆಯನ್ನು ನೀವಾಗಲಿ ನಿಮ್ಮ ತಂದೆಯವರಾಗಲಿ ಉತ್ತರಿಸಬಾರದು. ವೈದ್ಯರು ನಿಮ್ಮನ್ನು ಹೊರಗೆ ಕೂರಿಸಿ ಅವರೊಬ್ಬರನ್ನೇ ಕೇಳಬೇಕು. ಅರವತ್ತು ದಾಟಿದವರಿಗೆ ಅದೆಲ್ಲ ಯಾಕೆ ಎಂದು ಮನೆಯವರು ತಾವೇ ತೀರ್ಮಾನಿಸುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಮೇಲ್ತುದಿ ಗಟ್ಟಿಯಾಗಿದ್ದು, ಮುಂದಿನ ಗೋಡೆ ಮಾತ್ರ ತೀರ ತೆಳುವಾಗಿ, ಹೊಲಿಯಲು ಹಿಡಿತವೇ ಸಿಗದಂತಿದ್ದರೆ ಜೈವಿಕ ಹಾಳೆಯ ಮಾತಿಗೆ ಅರ್ಥ ಬರುತ್ತದೆ. ಆಗಲೂ ಅದು ಇಣುಕುವುದು, ನೀರು ತುಂಬಿಕೊಳ್ಳುವುದು, ಸೋಂಕಾಗುವುದು ಸಾಧ್ಯ. ಬಹುತೇಕ ಸಂದರ್ಭಗಳಲ್ಲಿ ಈಸ್ಟ್ರೋಜೆನ್ ಮುಲಾಮು ಮತ್ತು ಔಷಧಗಳಿಂದ ಮಾಯುತ್ತದೆ, ಪ್ಲಾಸ್ಟಿಕ್ಕಿನಂತೆ ಎಳೆ ಎಳೆಯಾಗಿ ಕಿತ್ತು ತೆಗೆಯುವ ಪಾಡು ಬರುವುದು ವಿರಳ. ಹಾಳೆ ಯಾವ ಪ್ರಾಣಿಯದ್ದು, ಬೆಸೆದದ್ದೋ ಬೆಸೆಯದ್ದೋ, ಬೆಲೆ ಎಷ್ಟು ಎಂದು ಮೊದಲೇ ಬರೆಸಿಕೊಳ್ಳಿ. ಪೊಟ್ಟಣದ ಮೇಲಿನ ಸ್ಟಿಕರನ್ನು ಡಿಸ್ಚಾರ್ಜ್ ಸಾರಾಂಶಕ್ಕೆ ಅಂಟಿಸಿ ಕೊಡಲು ಕೇಳಿ.

ಅಮ್ಮನಿಗೆ ಹೇಳಬೇಕೇ ಎಂಬ ಪ್ರಶ್ನೆಗೆ ಉತ್ತರ ಹೌದು, ಅದೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು. ಹಂದಿ ಎಂದಾಗ ಮುಸ್ಲಿಂ ಕುಟುಂಬಗಳೂ, ದನ ಎಂದಾಗ ಅನೇಕ ಹಿಂದೂ ಕುಟುಂಬಗಳೂ, ಎರಡಕ್ಕೂ ಜೈನರೂ ಹಿಂಜರಿಯುವುದು ಸಹಜ. ಹಿಂಜರಿದವರೆಲ್ಲ ಬೇಡವೆನ್ನುತ್ತಾರೆ ಎಂದೇನಿಲ್ಲ. ಹಂದಿಯ ಕವಾಟವನ್ನೋ ದನದ ಹೃದಯಚೀಲದಿಂದ ಮಾಡಿದ ಕವಾಟವನ್ನೋ ಎದೆಯಲ್ಲಿಟ್ಟುಕೊಂಡು ಮಡಿಯಲ್ಲಿ ಅಡುಗೆ ಮಾಡುವವರಿದ್ದಾರೆ. ಹಲವು ಮಾತ್ರೆಗಳ ಕ್ಯಾಪ್ಸೂಲಿನ ಜೆಲಾಟಿನ್ ಎಲ್ಲಿಂದ ಬಂತು, ಹಿಂದೆ ಎಲ್ಲೆಡೆ ಬಳಸುತ್ತಿದ್ದ ಕ್ಯಾಟ್‌ಗಟ್ ಹೊಲಿಗೆದಾರ ಯಾವ ಪ್ರಾಣಿಯ ಕರುಳಿನದು ಎಂದು ಯಾರೂ ಕೇಳಿರಲಿಲ್ಲ. ಆದರೆ ಕೇಳದೆ ಇದ್ದದ್ದು ಬೇರೆ, ಗೊತ್ತಿದ್ದೂ ಮುಚ್ಚಿಟ್ಟದ್ದು ಬೇರೆ. ಹೃದಯದ ಕವಾಟಕ್ಕೆ ಇಲ್ಲದ ಒಂದು ಅನುಕೂಲವೂ ನಿಮ್ಮ ತಾಯಿಯವರಿಗಿದೆ: ಇದು ಪ್ರಾಣದ ಪ್ರಶ್ನೆಯಲ್ಲ, ಹಾಳೆಯಿಲ್ಲದ ದಾರಿಗಳು ಇವೆ. ಬೇಡ ಎಂದರೆ ಅವರು ಕಳೆದುಕೊಳ್ಳುವುದು ಹೆಚ್ಚೇನೂ ಇಲ್ಲ.

ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡುವ ಮೊದಲು ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿಯುತ್ತದೆ ಎಂಬುದನ್ನು ಸ್ಕ್ಯಾನಿನಲ್ಲಿ ನೋಡಿಸಿ, ಮೂತ್ರದ ಸೋಂಕಿದೆಯೇ ಪರೀಕ್ಷಿಸಿ. ಗಡ್ಡೆಯನ್ನು ಒಳಗೆ ತಳ್ಳಿ ಹಿಡಿದು ಕೆಮ್ಮಿಸಿಯೂ ನೋಡಬೇಕು; ಜಾರಿದ ಗೋಡೆ ಮೂತ್ರನಾಳವನ್ನು ಮಡಚಿ ಸೋರಿಕೆಯನ್ನು ಮರೆಸಿರಬಹುದು, ರಿಪೇರಿಯಾದ ಮೇಲೆ ಕೆಮ್ಮಿದಾಗಲೆಲ್ಲ ಸೀರೆ ಒದ್ದೆಯಾದರೆ ಇದೆಂಥ ಶಸ್ತ್ರಚಿಕಿತ್ಸೆ ಎನಿಸುತ್ತದೆ. ಸಕ್ಕರೆ ಕಾಯಿಲೆ, ಹಳೆಯ ಕೆಮ್ಮು, ಮಲಬದ್ಧತೆ ಇದ್ದರೆ ಮೊದಲು ಅವು ಹತೋಟಿಗೆ ಬರಲಿ.

ಈ ತಯಾರಿಯ ಅವಧಿಯಲ್ಲಿ ರಿಂಗ್ ಪೆಸರಿಯೊಂದನ್ನು ಹಾಕಿಸಿ ನೋಡಲು ನಾನು ಒತ್ತಾಯಿಸುತ್ತೇನೆ. ಅದು ಸಿಲಿಕೋನಿನ ಬಳೆಯಂಥದ್ದು. ಹೊರರೋಗಿ ವಿಭಾಗದಲ್ಲೇ ಅಳತೆ ನೋಡಿ ಇಡುತ್ತಾರೆ, ಅರಿವಳಿಕೆ ಬೇಡ. ವಾರಕ್ಕೆರಡು ರಾತ್ರಿ ಈಸ್ಟ್ರೋಜೆನ್ ಮುಲಾಮು ಹಚ್ಚಿಕೊಂಡರೆ ಉಜ್ಜಿದಂತಾಗುವುದೂ ಕಡಿಮೆ. ಸ್ತನ ಕ್ಯಾನ್ಸರ್ ಆಗಿದ್ದರೆ ಮಾತ್ರ ಮುಲಾಮಿನ ಬಗ್ಗೆ ಮೊದಲೇ ತಿಳಿಸಿ. ಪೆಸರಿ ಇದ್ದಾಗ ಮೂತ್ರ ಸಲೀಸಾಗಿ ಪೂರ್ತಿ ಹೋಗುತ್ತದೆಯೇ, ಸಂಜೆಯ ಭಾರ ಇಳಿಯುತ್ತದೆಯೇ ಎಂದು ತಾಯಿಯವರು ಗಮನಿಸಲಿ. ಇಳಿದರೆ ರಿಪೇರಿಯಿಂದ ಸಿಗಬಹುದಾದ ನೆಮ್ಮದಿ ಎಷ್ಟೆಂಬುದು ಮುಂಚಿತವಾಗಿಯೇ ತಿಳಿಯುತ್ತದೆ. ಕೆಲವರು ಆ ಬಳೆಯಲ್ಲೇ ಸುಖವಾಗಿದ್ದು, ಮೂರ್ನಾಲ್ಕು ತಿಂಗಳಿಗೊಮ್ಮೆ ಬಂದು ತೊಳೆಸಿಕೊಂಡು ಹೋಗುತ್ತಾರೆ.